ಬಲಗಡೆ ಗುಂಯ್, ಆಮೇಲೆ ನೋಡೋಣ

ಅಮ್ಮ ಕೆಲಸ ಮಾಡುತ್ತಾ ಗುನುಗುವ ಒಂದು ಟ್ಯೂನ್ ಇದೆ. ಅದಕ್ಕೆ ಮಾತಿಲ್ಲ. ಮೂರು ಸಾಲು ಸರಾಗವಾಗಿ ಹೋಗುತ್ತಾಳೆ. ನಾಲ್ಕನೆಯದರ ಮಧ್ಯೆ ಎರಡು ಬೀಟ್ ಸುಮ್ಮನಾಗಿ, ಮತ್ತೆ ಹಿಡಿದುಕೊಳ್ಳುತ್ತಾಳೆ. ಚಿಕ್ಕಂದಿನಿಂದ ಕೇಳಿ ಕೇಳಿ ನನಗೂ ಅದೇ ಅಭ್ಯಾಸ. ಆ ಜಾಗಕ್ಕೆ ಬಂದರೆ ನಾನೂ ತಾನಾಗಿ ಎರಡು ಬೀಟ್ ನಿಲ್ಲುತ್ತೇನೆ.

ಆ ಟ್ಯೂನ್ ಬಂದದ್ದು ಅಪ್ಪನ ರೆಕಾರ್ಡ್ ಪೆಟ್ಟಿಗೆಯಿಂದ. ಅದರಲ್ಲಿ ನಲವತ್ತರ ಹತ್ತಿರ ಎಲ್ಪಿಗಳಿವೆ, ನಿಮಿಷಕ್ಕೆ 45 ಸುತ್ತು ತಿರುಗುವ ಒಂದಷ್ಟು ಚಿಕ್ಕ ತಟ್ಟೆಗಳಿವೆ. ಹೆಚ್ಚುಕಮ್ಮಿ ಎಲ್ಲವೂ ಬರೀ ವಾದ್ಯದ ಸಂಗೀತ. ಹಾಡಿದ್ದರೆ ಕಿವಿ ಮಾತಿನ ಹಿಂದೆ ಹೋಗುತ್ತೆ, ಕೈ ಕೆಲಸ ನಿಲ್ಲುತ್ತೆ ಅನ್ನುವುದು ಅಪ್ಪನ ವಾದ. ಪರ್ಸಿ ಫೇತ್, ಮಾಂಟೊವಾನಿ, ಪಾಲ್ ಮೋರಿಯಾ ಅವರ ದೊಡ್ಡ ವಾದ್ಯವೃಂದಗಳು. ಹರ್ಬ್ ಆಲ್ಪರ್ಟ್ ಅವರ ಟ್ರಂಪೆಟ್. ಶ್ಯಾಡೋಸ್, ವೆಂಚರ್ಸ್ ಗಿಟಾರ್ ತಂಡಗಳು. ಜೊತೆಗೆ ಕವರ್ ಮೇಲೆ 'ಆರ್ಕೆಸ್ಟ್ರಾ' ಅಂತಷ್ಟೇ ಬರೆದಿರುವ, ಯಾರು ಬಾರಿಸಿದರೋ ಗೊತ್ತಾಗದ ಅಗ್ಗದ ಸಂಗ್ರಹಗಳು ನಾಲ್ಕೈದು. ಅಮ್ಮನ ಟ್ಯೂನ್ ಇರುವುದು ಅಂಥದ್ದೊಂದರಲ್ಲಿ. ಲೇಬಲ್ ಮೇಲೆ ನಾನೇ ಚಿಕ್ಕವನಿದ್ದಾಗ ಬಾಲ್ ಪೆನ್ನಿನಿಂದ ಸುತ್ತಿ ಸುತ್ತಿ ಗೀಚಿದ್ದೇನೆ. ಹಾಗಾಗಿ ಹೆಸರೂ ಓದಲು ಬರುವುದಿಲ್ಲ.

ಇಂಥ ಸಂಗೀತವನ್ನು ಈಗ ಲಿಫ್ಟಿನ ಸಂಗೀತ ಅಂತ ಗೇಲಿ ಮಾಡುವವರೇ ಜಾಸ್ತಿ. ಆದರೆ 1960ರಲ್ಲಿ ಪರ್ಸಿ ಫೇತ್ ಅವರ ಒಂದು ಸಿನಿಮಾ ಟ್ಯೂನ್ ಅಮೆರಿಕದ ಪಟ್ಟಿಯಲ್ಲಿ 9 ವಾರ ಮೊದಲ ಸ್ಥಾನ ಬಿಟ್ಟು ಕದಲಲಿಲ್ಲ. ಪಾಲ್ ಮೋರಿಯಾ ಅವರ 'ಲವ್ ಈಸ್ ಬ್ಲೂ' ಕಥೆ ಇನ್ನೂ ಮಜಾ. 1967ರ ಯೂರೋವಿಷನ್ ಸ್ಪರ್ಧೆಯಲ್ಲಿ ಅದನ್ನು ಮಾತು ಸಮೇತ ಹಾಡಿದಾಗ ಬಂದದ್ದು ನಾಲ್ಕನೇ ಸ್ಥಾನ. ಮೋರಿಯಾ ಮಾತು ತೆಗೆದು ಹಾರ್ಪ್ಸಿಕಾರ್ಡ್, ಪಿಟೀಲು ಸೇರಿಸಿದರು. ಮರುವರ್ಷ ಅಮೆರಿಕದಲ್ಲಿ 5 ವಾರ ಒಂದನೇ ನಂಬರ್. ಅಪ್ಪನಿಗೆ ಇದು ಗೊತ್ತಿದ್ದಿದ್ದರೆ ವಾದಕ್ಕೆ ಬಳಸಿಕೊಳ್ಳದೆ ಬಿಡುತ್ತಿರಲಿಲ್ಲ.

ಅಪ್ಪ ಈಗಿಲ್ಲ. ಪ್ಲೇಯರ್ ಇಪ್ಪತ್ತು ವರ್ಷದಿಂದ ಅಟ್ಟದ ಮೇಲಿತ್ತು. ಕೆಳಗಿಳಿಸಿದೆ.

ಮೊದಲ ವಾರ: ತಿರುಗುವಂತೆ ಮಾಡುವುದು

ಇದು ಸೂಟ್‌ಕೇಸಿನಂಥ ಮರದ ಪೆಟ್ಟಿಗೆ. ಒಳಗೆ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್. 16, 33, 45, 78 ಅಂತ ನಾಲ್ಕು ಸ್ಪೀಡು. ರೆಕಾರ್ಡ್ ಮುಗಿದರೆ ಮುಂದಿನದನ್ನು ತಾನೇ ಬೀಳಿಸಿಕೊಳ್ಳುವ ಚೇಂಜರ್. ಎರಡು ಸ್ಪೀಕರ್ ಪೆಟ್ಟಿಗೆಗಳು ಬೇರೆ. ಎಡಗಡೆಯದು ಹಾಡುತ್ತಿತ್ತು. ಬಲಗಡೆಯದರ ಮೇಲೆ ಯಾವಾಗಲೂ ಹೂದಾನಿ ಇರುತ್ತಿತ್ತು. ಅದು ಹೂದಾನಿಗೆ ಮಾಡಿದ ಸ್ಟ್ಯಾಂಡ್ ಅಂತಲೇ ನಾನು ತುಂಬ ವರ್ಷ ನಂಬಿದ್ದೆ.

ಇಷ್ಟು ವರ್ಷ ಓಡದ ಮೆಷಿನನ್ನು ಸುಮ್ನೆ ಪ್ಲಗ್ಗಿಗೆ ಹಾಕಬೇಡಿ. ಒಂದು 60 ವಾಟಿನ ಹಳೇ ಕಾಲದ ಫಿಲಮೆಂಟ್ ಬಲ್ಬನ್ನು ಸೀರೀಸಿನಲ್ಲಿ ಹಾಕಿ ಕರೆಂಟ್ ಕೊಡಿ. ಒಳಗೆ ಎಲ್ಲೋ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತೆ, ಮೆಷಿನ್ ಉಳಿಯುತ್ತೆ. ನನ್ನದು ಒಮ್ಮೆ ಮಿಂಚಿ ಮಂಕಾಯಿತು. ಒಳ್ಳೆಯ ಲಕ್ಷಣ. ಆದರೆ ತಟ್ಟೆ ತಿರುಗಲಿಲ್ಲ. ಮೋಟಾರು ಒಳಗೇ 'ಹೂಂ' ಅಂತ ಕೂತಿತ್ತು.

ತಟ್ಟೆ ಎತ್ತಬೇಕು ಅಂದರೆ ನಡುವಿನ ಕಂಬದ ಸಿ-ಕ್ಲಿಪ್ ತೆಗೆಯಬೇಕು. ಸ್ಕ್ರೂಡ್ರೈವರ್ ತುದಿ ಕೊಟ್ಟು ಮೀಟಿದೆ. ಟಿಣ್ ಅಂತ ಹಾರಿತು. ಒಂದು ಗಂಟೆ ನೆಲದ ಮೇಲೆ ಮಂಡಿಯೂರಿ ಹುಡುಕಿದೆ. ಕೊನೆಗೆ ನನ್ನ ಚಪ್ಪಲಿಯಲ್ಲೇ ಸಿಕ್ಕಿತು. ಆಮೇಲೆ ಪ್ರತಿ ಕ್ಲಿಪ್ಪಿಗೂ ಒಂದು ಬಟ್ಟೆ ಅಡ್ಡ ಹಿಡಿದುಕೊಂಡೇ ಕೈ ಹಾಕಿದ್ದು.

ಮೋಟಾರಿನ ಕಥೆ ಸರಳ. ಮೇಲೆ ಕೆಳಗೆ ಎರಡು ಕಂಚಿನ ಬುಷ್, ಸುತ್ತ ಎಣ್ಣೆ ಹೀರಿಕೊಂಡಿರಬೇಕಾದ ಫೆಲ್ಟ್ ಬಿಲ್ಲೆಗಳು. ಎಣ್ಣೆ ಅಂಟಾಗಿ ಗಟ್ಟಿಯಾಗಿತ್ತು. ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು, ಒಣಗಿಸಿ, ಹೊಲಿಗೆ ಮೆಷಿನ್ ಎಣ್ಣೆ ಮೂರು ಮೂರು ಹನಿ ಬಿಟ್ಟೆ. ಬೆರಳಲ್ಲಿ ತಿರುಗಿಸಿ ಬಿಟ್ಟರೆ ಸದ್ದಿಲ್ಲದೆ ನಾಲ್ಕೈದು ಸುತ್ತು ಹೋಯಿತು.

ಚೇಂಜರ್ ಮಾತ್ರ ಜೀವ ತಿಂದಿತು. ಅಡಿಯಲ್ಲಿರುವ ದೊಡ್ಡ ಕ್ಯಾಮ್ ಗೇರು, ಅದಕ್ಕೆ ಜೋತುಬಿದ್ದ ಲಿವರುಗಳು, ಕೂದಲಿನಷ್ಟು ಸಣ್ಣ ಸ್ಪ್ರಿಂಗುಗಳು. ಗ್ರೀಸು ಮೇಣವಾಗಿ ಎಲ್ಲ ಒಂದಕ್ಕೊಂದು ಕಚ್ಚಿಕೊಂಡಿತ್ತು. ಪ್ರತಿ ತುಂಡು ಬಿಚ್ಚುವ ಮುಂಚೆ ಫೋನಿನಲ್ಲಿ ಫೋಟೋ ತೆಗೆದೆ, 63 ಫೋಟೋ. ಆದರೂ ಜೋಡಿಸಿದ ಮೇಲೆ ಒಂದು ಸ್ಪ್ರಿಂಗ್ ಉಳಿಯಿತು. ಫೋಟೋ 41ರಲ್ಲಿ ಅದು ನನ್ನ ಹೆಬ್ಬೆರಳಿನ ಹಿಂದಿತ್ತು.

ಐಡ್ಲರ್

ಈ ಜಾತಿಯ ಪ್ಲೇಯರಿನಲ್ಲಿ ಬೆಲ್ಟ್ ಇರುವುದಿಲ್ಲ. ಮೋಟಾರಿನ ಕಡ್ಡಿಗೆ ಮೆಟ್ಟಿಲು ಮೆಟ್ಟಿಲಾಗಿ ನಾಲ್ಕು ಅಳತೆಯ ಪುಲ್ಲಿ. ಅದಕ್ಕೂ ತಟ್ಟೆಯ ಒಳ ಅಂಚಿಗೂ ನಡುವೆ ರಬ್ಬರ್ ಅಂಚಿನ ಒಂದು ಪುಟ್ಟ ಚಕ್ರ. ಅದೇ ಐಡ್ಲರ್. ಸ್ಪೀಡ್ ಗುಂಡಿ ತಿರುಗಿಸಿದರೆ ಐಡ್ಲರ್ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹತ್ತಿ ಇಳಿಯುತ್ತೆ.

ಇಲ್ಲಿ ಒಂದು ಸೊಗಸಿದೆ. ಐಡ್ಲರ್ ಸವೆದು ಚಿಕ್ಕದಾದರೂ ತಟ್ಟೆಯ ವೇಗ ಬದಲಾಗುವುದಿಲ್ಲ. ಲೆಕ್ಕಕ್ಕೆ ಬರುವುದು ಪುಲ್ಲಿಯ ಅಳತೆ ಮತ್ತು ತಟ್ಟೆಯ ಒಳ ಅಂಚಿನ ಅಳತೆ ಮಾತ್ರ. ಮಧ್ಯದವನು ಒಂದು ಕಡೆಯಿಂದ ಎಷ್ಟು ತೆಗೆದುಕೊಂಡನೋ ಅಷ್ಟನ್ನೇ ಇನ್ನೊಂದು ಕಡೆಗೆ ಕೊಡುತ್ತಾನೆ. ಅವನು ಕೆಡಿಸುವುದು ಎರಡೇ ರೀತಿ. ಒಂದು, ರಬ್ಬರ್ ಹೊಳಪಾಗಿ ಜಾರುವುದು. ಇನ್ನೊಂದು, ಚಟ್ಟೆಯಾಗುವುದು.

ನಮ್ಮದರಲ್ಲಿ ಎರಡೂ ಇತ್ತು. ಯಾರೋ ಪ್ಲೇಯರನ್ನು ಪ್ಲೇ ಸ್ಥಾನದಲ್ಲೇ ಬಿಟ್ಟು ಗೋಡೆಯ ಸ್ವಿಚ್ ಆರಿಸಿ ಅಟ್ಟಕ್ಕೆ ಏರಿಸಿದ್ದರು. (ಯಾರೋ ಅಂದರೆ ನಾನು.) ಇಪ್ಪತ್ತು ವರ್ಷ ಪುಲ್ಲಿ ಒತ್ತಿ ಒತ್ತಿ ರಬ್ಬರಿನಲ್ಲಿ ಒಂದು ತಗ್ಗು. ಸುತ್ತಿಗೊಂದು ಡುಬ್, ಡುಬ್, ಡುಬ್. ಐಡ್ಲರನ್ನು ಒಂದು ಬೋಲ್ಟಿಗೆ ಸಿಕ್ಕಿಸಿ, ಡ್ರಿಲ್ಲಿಗೆ ಕಚ್ಚಿಸಿ ನಿಧಾನಕ್ಕೆ ತಿರುಗಿಸುತ್ತಾ, ನುಣುಪಾದ ಉಪ್ಪು ಕಾಗದ ಹಿಡಿದೆ. ಹೊಳಪು ಹೋಗಿ ಮಂಕು ಕಪ್ಪು ಬಂತು. ತಗ್ಗು ಮುಕ್ಕಾಲು ಪಾಲು ಹೋಯಿತು. ಪುಲ್ಲಿಯನ್ನೂ ತಟ್ಟೆಯ ಒಳ ಅಂಚನ್ನೂ ಆಲ್ಕೋಹಾಲಿನಿಂದ ಒರೆಸಿದೆ. ಅಲ್ಲಿ ಒಂದು ಹನಿ ಎಣ್ಣೆ ಬಿದ್ದರೂ ಸಾಕು, ಮತ್ತೆ ಜಾರುತ್ತೆ.

ಸ್ಪೀಡ್ ನೋಡಲು ಸ್ಟ್ರೋಬ್ ಬಿಲ್ಲೆ ಬೇಕು. ಕಾಗದದ ಮೇಲೆ ಸುತ್ತ 180 ಗೆರೆ ಪ್ರಿಂಟ್ ಮಾಡಿ ತಟ್ಟೆಯ ಮೇಲಿಟ್ಟೆ. 50 ಹರ್ಟ್ಸ್ ಕರೆಂಟಿನಲ್ಲಿ ನಿಯಾನ್ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತೆ. ನಿಮಿಷಕ್ಕೆ ಸರಿಯಾಗಿ 33⅓ ಸುತ್ತು ಇದ್ದರೆ 180 ಗೆರೆ ನಿಂತಲ್ಲೇ ನಿಂತಂತೆ ಕಾಣುತ್ತೆ. 60 ಹರ್ಟ್ಸ್ ಇರುವ ಕಡೆ 216 ಗೆರೆ ಬೇಕು. ಎಲ್ಇಡಿ ಬಲ್ಬಿನ ಕೆಳಗೆ ನೋಡಿದರೆ ಎಷ್ಟೋ ಸಲ ಏನೂ ಕಾಣಲ್ಲ. ನಾನು ಕರೆಂಟ್ ಟೆಸ್ಟರಿನೊಳಗಿನ ಪುಟ್ಟ ನಿಯಾನನ್ನೇ ಹತ್ತಿರ ಹಿಡಿದು ನೋಡಿದೆ. ಮೊದಲ ಹತ್ತು ನಿಮಿಷ ಗೆರೆಗಳು ಹಿಂದಕ್ಕೆ ತೆವಳುತ್ತಿದ್ದವು. ಮೋಟಾರು ಬಿಸಿಯಾದ ಮೇಲೆ ನಿಂತವು.

ಮುಳ್ಳು

ತೋಳಿನ ತುದಿಯಲ್ಲಿ ಒಂದು ನಾಣ್ಯ ಅಂಟಿತ್ತು. ಸ್ಟೈಲಸ್, ಅಂದರೆ ಮುಳ್ಳು, ಹಾರದೆ ಇರಲಿ ಅಂತ ಅಪ್ಪ ಅಂಟಿಸಿದ್ದು. ಪುಟ್ಟ ತಕ್ಕಡಿ ಇಟ್ಟು ತೂಗಿದರೆ 9 ಗ್ರಾಂ ಭಾರ ಮುಳ್ಳಿನ ಮೇಲೆ! ನಾಣ್ಯ ಕಿತ್ತು, ಹಿಂದಿನ ಸ್ಪ್ರಿಂಗ್ ಸಡಿಲಿಸಿ 5ಕ್ಕೆ ತಂದೆ. ಮುಳ್ಳಿನ ಅಲುಗಾಟವನ್ನು ಸಿಗ್ನಲ್ಲಾಗಿ ಬದಲಿಸುವ ಈ ಸೆರಾಮಿಕ್ ಕಾರ್ಟ್ರಿಜ್‌ಗೆ ಅಷ್ಟು ಬೇಕೇ ಬೇಕು. ಈಗಿನ ಮ್ಯಾಗ್ನೆಟಿಕ್ ಕಾರ್ಟ್ರಿಜ್‌ಗಳು 2 ಗ್ರಾಮಿನ ಆಸುಪಾಸಿನಲ್ಲಿ ಓಡುತ್ತವೆ, ನಿಜ. ಆದರೆ ಅವುಗಳಿಂದ ಬರುವ ಸಿಗ್ನಲ್ ತೀರಾ ಸಣ್ಣದು, ಬೇರೆ ಪ್ರೀಆಂಪ್ ಬೇಕಾಗುತ್ತೆ. ಅಲ್ಲಿಗೆ ಇದು ಅಪ್ಪನ ಪ್ಲೇಯರ್ ಆಗಿ ಉಳಿಯಲ್ಲ.

ಕಾರ್ಟ್ರಿಜ್ ಸೆರಾಮಿಕ್ ಆಗಿದ್ದು ನನ್ನ ಪುಣ್ಯ. ಅದಕ್ಕೂ ಹಳೆಯ ಕ್ರಿಸ್ಟಲ್ ಕಾರ್ಟ್ರಿಜ್‌ಗಳ ಒಳಗೆ ಇರುವುದು ರೋಶೆಲ್ ಉಪ್ಪಿನ ಹರಳು. ಉಪ್ಪು ತಾನೆ, ತೇವ ಹಿಡಿದು ಸತ್ತುಹೋಗುತ್ತೆ. ನಮ್ಮದಕ್ಕೆ ಹೊಸ ಡೈಮಂಡ್ ಸ್ಟೈಲಸ್ ಮಾತ್ರ ಸಾಕಾಯಿತು. ಹಳೆಯದು ಸಫೈರ್. ಭೂತಗನ್ನಡಿಯಲ್ಲಿ ನೋಡಿದರೆ ತುದಿ ಮೊಂಡು ಉಳಿಯ ಹಾಗಿತ್ತು.

ಎರಡನೇ ವಾರ: ಯಾವುದು ಕೆಟ್ಟದ್ದು, ಯಾವುದು ಹಾಗೇ ಇರುವುದು

ಕರೆಂಟಿನ ಗುಂಯ್ ತಡೆಯುವ ಫಿಲ್ಟರ್ ಕೆಪಾಸಿಟರುಗಳನ್ನು ಬದಲಿಸಿದೆ. ವಾಲ್ಯೂಮ್ ಕಂಟ್ರೋಲಿನ ಕರಕರಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದೆ. ಅದರಲ್ಲಿ ಹೇಳುವಂಥದ್ದೇನಿಲ್ಲ. ಕೆಪಾಸಿಟರನ್ನು ಮುಟ್ಟುವ ಮುಂಚೆ ಡಿಸ್ಚಾರ್ಜ್ ಮಾಡಿ, ಅಷ್ಟೆ. ಎಡ ಸ್ಪೀಕರ್ ಮಾತಾಡಿತು.

ಮೊದಲು ಹಾಕಿದ್ದು 45ರ ಚಿಕ್ಕ ತಟ್ಟೆ, ಟೊರ್ನೆಡೋಸ್ ತಂಡದ 'ಟೆಲ್‌ಸ್ಟಾರ್'. ಮುಳ್ಳು ಇಳಿಯಿತು. ಗೊರ್ರ್, ಸುಂಯ್, ಪಟಪಟ. ಆಂಪ್ಲಿಫೈಯರ್ ಹೋಯಿತು ಅಂತ ಓಡಿ ಸ್ವಿಚ್ ಆರಿಸಿದೆ. ಹೊಸ ಕೆಪಾಸಿಟರ್ ಉಲ್ಟಾ ಹಾಕಿದ್ದೇನಾ ಅಂತ ಮತ್ತೆ ಬಿಚ್ಚಿ ನೋಡಿದೆ. ಸರಿಯಾಗೇ ಇತ್ತು. ಎರಡನೇ ಸಲ ಧೈರ್ಯ ಮಾಡಿ ಇನ್ನೂ ಸ್ವಲ್ಪ ಹೊತ್ತು ಬಿಟ್ಟೆ. ಆ ಗೊರ್ರ್ ಒಳಗಿನಿಂದ ಟ್ಯೂನ್ ಎದ್ದು ಬಂತು. ಆ ಸದ್ದು ರೆಕಾರ್ಡಿನದೇ! 1962ರಲ್ಲಿ ಹಾರಿದ ಟೆಲ್‌ಸ್ಟಾರ್ ಉಪಗ್ರಹದ ಹೆಸರಿನ ಈ ಟ್ಯೂನಿಗೆ ನಿರ್ಮಾಪಕ ಜೋ ಮೀಕ್ ಬೇಕೆಂದೇ ಸೇರಿಸಿದ್ದು. ಮೀಕ್ ಹಿಂದೆ ವಾಯುಪಡೆಯಲ್ಲಿ ರೇಡಾರ್ ತಂತ್ರಜ್ಞ. ಲಂಡನ್ನಿನ ಹಾಲೋವೇ ರಸ್ತೆಯಲ್ಲಿ, ಚರ್ಮದ ಸಾಮಾನಿನ ಅಂಗಡಿಯ ಮೇಲಿನ ಬಾಡಿಗೆ ಮನೆಯೇ ಅವರ ಸ್ಟುಡಿಯೋ. ಅಲ್ಲಿಂದ ಹೊರಟದ್ದು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಬ್ರಿಟನ್ನಿನ ತಂಡವೊಂದಕ್ಕೆ ಅದೇ ಮೊದಲು.

ಆಮೇಲೆ ಎಲ್ಲದರ ಮೇಲೂ ಅನುಮಾನ ಶುರುವಾಯಿತು. ಹರ್ಬ್ ಆಲ್ಪರ್ಟ್ ಅವರ 1962ರ 'ಲೋನ್ಲಿ ಬುಲ್'ನಲ್ಲಿ ಟ್ರಂಪೆಟ್ ಎರಡೆರಡಾಗಿ ಕೇಳುತ್ತೆ, ಕೂದಲೆಳೆಯಷ್ಟು ಹಿಂದೆ ಮುಂದೆ. ಐಡ್ಲರ್ ಇನ್ನೂ ಅಲ್ಲಾಡುತ್ತಿದೆಯಾ? ಇಲ್ಲ, ಅವರೇ ಒಂದರ ಮೇಲೊಂದು ಎರಡು ಸಲ ನುಡಿಸಿ ಸೇರಿಸಿದ್ದು. ಶ್ಯಾಡೋಸ್ ಗಿಟಾರಿನ ಹಿಂದೆ ಬರುವ ಪ್ರತಿಧ್ವನಿ ಎಕೋ ಮೆಷಿನಿನದು. ಮಾಂಟೊವಾನಿಯ ಪಿಟೀಲುಗಳಲ್ಲಿ ಜಲಪಾತದ ಹಾಗೆ ಇಳಿಯುವ ಪ್ರತಿಧ್ವನಿ ಮಾತ್ರ ಮೆಷಿನಿನದೇ ಅಲ್ಲ. ರೊನಾಲ್ಡ್ ಬಿಂಜ್ ಅನ್ನುವವರು ಪಿಟೀಲುಗಾರರನ್ನು ಗುಂಪು ಮಾಡಿ, ಒಬ್ಬರು ಬಿಟ್ಟ ಸ್ವರವನ್ನು ಇನ್ನೊಬ್ಬರು ಎಳೆಯುವಂತೆ ಕಾಗದದ ಮೇಲೆ ಬರೆದು ತೆಗೆದದ್ದು ಅದು. 1951ರಲ್ಲಿ, ತಂತಿ ಬಿಲ್ಲು ಬಿಟ್ಟು ಬೇರೇನೂ ಇಲ್ಲದೆ!

ಹೀಗೆ ರೆಕಾರ್ಡಿನದ್ಯಾವುದು, ನಮ್ಮ ಪೆಟ್ಟಿಗೆಯದ್ಯಾವುದು ಅಂತ ಬಿಡಿಸುವುದೇ ಅರ್ಧ ಕೆಲಸವಾಯಿತು. ನನ್ನ ತಲೆಯಲ್ಲಿರುವ ಈ ಸಂಗೀತದಲ್ಲಿ ಎರಡೂ ಬೆರೆತುಹೋಗಿದ್ದವು.

ಬಲಗಡೆ

ಹೂದಾನಿ ಇಳಿಸಿ ಬಲ ಸ್ಪೀಕರ್ ಜೋಡಿಸಿದೆ. ಸತ್ತು ಮಲಗಿತ್ತು. ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಿದೆ ಅಂತ ಪರೀಕ್ಷೆಯನ್ನೂ ಮಾಡದೆ ತೀರ್ಮಾನಿಸಿ ಒಂದು ಜೊತೆ ತರಿಸಿದೆ. ಹಾಕಿದೆ. ಏನೂ ಇಲ್ಲ. ಒಂದು ಭಾನುವಾರ ದಂಡ. ಮೊದಲು ಅಳೆಯಬೇಕು, ಆಮೇಲೆ ಬದಲಿಸಬೇಕು. ಇದು ನನಗೆ ಗೊತ್ತಿಲ್ಲದ್ದಲ್ಲ, ಅಲ್ವಾ. ಆದರೂ.

ಮರುದಿನ 1.5 ವೋಲ್ಟಿನ ಸೆಲ್ ತೆಗೆದು ಸ್ಪೀಕರಿನ ವೈರಿಗೆ ಮುಟ್ಟಿಸಿದೆ. ಟಕ್. ಸ್ಪೀಕರ್ ಚೆನ್ನಾಗಿದೆ. ಹಾಗಾದರೆ ನಡುವೆ ಎಲ್ಲೋ ಇದೆ. ಆಂಪ್ಲಿಫೈಯರಿನಿಂದ ಬಲಗಡೆ ಸಾಕೆಟ್ಟಿಗೆ ಹೋಗುವ ವೈರನ್ನು ಬೆರಳಲ್ಲೇ ಹಿಡಿದುಕೊಂಡು ಹೋದೆ. ಪೆಟ್ಟಿಗೆಯ ಮೂಲೆಯಲ್ಲಿ, ಟಾರ್ಚ್ ಬಿಟ್ಟರೂ ಸುಲಭಕ್ಕೆ ಕಾಣದ ಜಾಗದಲ್ಲಿ, ವೈರ್ ಮುಗಿದುಹೋಯಿತು. ತುಂಡಾಗಿದ್ದಲ್ಲ, ಕತ್ತರಿಸಿದ್ದು. ಎರಡೂ ತುದಿಗೆ ಬೇರೆ ಬೇರೆಯಾಗಿ ಕಪ್ಪು ಬಟ್ಟೆ ಟೇಪ್ ಸುತ್ತಿತ್ತು. ಸುತ್ತು ಒಂದರ ಮೇಲೊಂದು ಅರ್ಧರ್ಧ ಸರಿಯಾಗಿ ಕೂತಿತ್ತು. ಕೊನೆಯನ್ನು ಹರಿದಿರಲಿಲ್ಲ, ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿ ಒತ್ತಿತ್ತು. ನಮ್ಮ ಸೈಕಲ್ ಹ್ಯಾಂಡಲ್ಲಿಗೆ, ಬ್ಯಾಟಿನ ಹಿಡಿಗೆ, ಛತ್ರಿಯ ಕೋಲಿಗೆ ಸುತ್ತಿದ್ದೂ ಹೀಗೇ. ಪಕ್ಕದ ಮರದ ಮೇಲೆ ಪೆನ್ಸಿಲಿನಲ್ಲಿ ಅಪ್ಪನ ಅಕ್ಷರ:

ಬಲಗಡೆ ಗುಂಯ್. ಆಮೇಲೆ ನೋಡೋಣ.

ಅಪ್ಪನ 'ಆಮೇಲೆ ನೋಡೋಣ' ಏನು ಅಂತ ನಮ್ಮನೆಯಲ್ಲಿ ಎಲ್ಲರಿಗೂ ಗೊತ್ತು. ಸೈಕಲ್ ಕೇಳಿದಾಗ, ಪ್ರವಾಸ ಕೇಳಿದಾಗ, ಸೋರುವ ನಲ್ಲಿ ತೋರಿಸಿದಾಗ, ಎಲ್ಲದಕ್ಕೂ ಇದೇ ಉತ್ತರ. ಸ್ವಲ್ಪ ಹೊತ್ತು ಕೆಲಸ ಬಿಟ್ಟು ಕೂತಿದ್ದೆ.

ವೈರ್ ತಾತ್ಕಾಲಿಕವಾಗಿ ಜೋಡಿಸಿ ಆನ್ ಮಾಡಿದೆ. ಗುಂಯ್‌ಂಯ್‌ಂಯ್. ಅಪ್ಪ ಬರೆದದ್ದು ಅಕ್ಷರಶಃ ನಿಜ. ಫಿಲ್ಟರ್ ಹೊಸದು, ಎಡಗಡೆ ಶುದ್ಧವಾಗಿದೆ. ಒಂದೇ ಕಡೆ ಇಷ್ಟು ಜೋರಾಗಿ ಗುಂಯ್ ಅಂದರೆ ಅರ್ತ್ ಎಲ್ಲೋ ಬಿಟ್ಟಿದೆ ಅಂತ ಅರ್ಥ. ಕಾರ್ಟ್ರಿಜ್ ಹಿಂದೆ ನಾಲ್ಕು ಪಿನ್ನು, ನಾಲ್ಕು ವೈರು. ಬಿಳಿ, ನೀಲಿ ಎಡಗಡೆಗೆ. ಕೆಂಪು, ಹಸಿರು ಬಲಗಡೆಗೆ. ಹಸಿರು ಅಂದರೆ ಬಲಗಡೆಯ ಅರ್ತ್. ನೋಡಲು ಸರಿಯಾಗೇ ಇತ್ತು. ಚಿಮಟದಲ್ಲಿ ಮೆಲ್ಲಗೆ ಎಳೆದೆ. ಹಸಿರು ಕವಚ ರಬ್ಬರಿನ ಹಾಗೆ ಉದ್ದವಾಯಿತು. ಒಳಗೆ ತಂತಿಯೇ ಇಲ್ಲ! ಕ್ಲಿಪ್ಪಿನಿಂದ ಎರಡು ಮಿಲಿಮೀಟರ್ ದೂರದಲ್ಲಿ ಕಿಲುಬು ಹಿಡಿದು ಒಳಗೊಳಗೇ ತುಂಡಾಗಿತ್ತು. ಅಪ್ಪ ಎಷ್ಟು ಸಲ ನೋಡಿದ್ದರೂ ಕಾಣುತ್ತಿರಲಿಲ್ಲ.

ಬೆಸುಗೆ ಹಾಕುವಾಗ ಕ್ಲಿಪ್ಪನ್ನು ಕಾರ್ಟ್ರಿಜ್‌ನಿಂದ ಕಳಚಿ, ಒಂದು ಹಲ್ಲುಕಡ್ಡಿಗೆ ಸಿಕ್ಕಿಸಿಕೊಳ್ಳಿ. ಪಿನ್ನಿನ ಮೇಲೆ ಇರುವಾಗಲೇ ಬಿಸಿ ಕೊಟ್ಟರೆ ಕಾರ್ಟ್ರಿಜ್ ಒಳಗೆ ಬೆಂದುಹೋಗುತ್ತೆ. ಎರಡು ಸೆಕೆಂಡಿನ ಬೆಸುಗೆ. ಅದಕ್ಕೆ ಮುಂಚೆ ಮುಕ್ಕಾಲು ಗಂಟೆ ಕೈ ನಡುಕ ನಿಲ್ಲಿಸುವುದು.

ಗುಂಯ್ ಹೋಯಿತು.

ಪರೀಕ್ಷೆಗೆ ಅಪ್ಪನ ಪೆಟ್ಟಿಗೆಯಲ್ಲೇ ಹೇಳಿ ಮಾಡಿಸಿದ ರೆಕಾರ್ಡ್ ಇತ್ತು. ಇನಾಕ್ ಲೈಟ್ 1959ರಲ್ಲಿ ಹೊರತಂದ 'ಪರ್ಸುವೇಸಿವ್ ಪರ್ಕಷನ್'. ಬಿಳಿ ಕವರಿನ ಮೇಲೆ ಕಪ್ಪು ಚುಕ್ಕೆಗಳು, ಬಿಡಿಸಿದ್ದು ಚಿತ್ರಕಾರ ಯೋಸೆಫ್ ಆಲ್ಬರ್ಸ್. ಸ್ಟೀರಿಯೋ ಆಗಿನ್ನೂ ಹೊಸ ಆಟಿಕೆ. ಬಾಂಗೊ ಆ ಕಡೆಯಿಂದ ಈ ಕಡೆಗೆ ನೆಗೆಯುವುದನ್ನು ತೋರಿಸಲೆಂದೇ ಮಾಡಿದ ರೆಕಾರ್ಡ್ ಅದು. ಚಿಕ್ಕಂದಿನಲ್ಲಿ ನನಗೆ ಇದು ಬೋರು. ಬಾರಿಸುವವನು ಪದೇ ಪದೇ ನಿಲ್ಲಿಸುತ್ತಾನೆ ಅನ್ನಿಸುತ್ತಿತ್ತು. ಈಗ ನೋಡಿದರೆ ಅವನು ನಿಲ್ಲಿಸುತ್ತಲೇ ಇರಲಿಲ್ಲ. ಹೂದಾನಿಯ ಕಡೆಗೆ ಹೋಗಿ ಬರುತ್ತಿದ್ದ.

ಸ್ಟೀರಿಯೋ ರೆಕಾರ್ಡಿನ ಗೀರಿಗೆ ಎರಡು ಗೋಡೆ, ಇಂಗ್ಲಿಷಿನ ವಿ ಅಕ್ಷರದ ಹಾಗೆ. ಒಂದರಲ್ಲಿ ಎಡ, ಇನ್ನೊಂದರಲ್ಲಿ ಬಲ. ಮುಳ್ಳು ಎರಡನ್ನೂ ಒಟ್ಟಿಗೇ ಸವರಿಕೊಂಡು ಹೋಗುತ್ತೆ. 20 ನಿಮಿಷದ ಒಂದು ಬದಿಗೆ 667 ಸುತ್ತು, ಬಿಡಿಸಿ ಎಳೆದರೆ ಸುಮಾರು 430 ಮೀಟರ್. ಅಷ್ಟು ದೂರವೂ ಮುಳ್ಳು ಬಲ ಗೋಡೆಯನ್ನು ಓದುತ್ತಲೇ ಇತ್ತು. ಆಂಪ್ಲಿಫೈಯರಿನ ಬಲ ಭಾಗವೂ ಕೆಲಸ ಮಾಡುತ್ತಲೇ ಇತ್ತು. ಅದು ಟೇಪ್ ಸುತ್ತಿದ ತುದಿಯವರೆಗೆ ಬಂದು ನಿಲ್ಲುತ್ತಿತ್ತು, ಅಷ್ಟೆ.

ಅಮ್ಮನ ರೆಕಾರ್ಡು

ಗೀಚಿದ ಲೇಬಲ್ಲಿನ ಎಲ್ಪಿಯನ್ನು ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ಸೋಪಿನಲ್ಲಿ ತೊಳೆದೆ. ಲೇಬಲ್ ನೆನೆಯದಂತೆ ಬಟ್ಟಲು ಕವುಚಿ ಹಿಡಿದಿದ್ದೆ. ಕೊನೆಗೆ ಡಿಸ್ಟಿಲ್ಡ್ ನೀರು. (ಆಲ್ಕೋಹಾಲ್ ಬೆರೆಸುವವರೂ ಇದ್ದಾರೆ. 78ರ ಅರಗಿನ ರೆಕಾರ್ಡಿಗೆ ಮಾತ್ರ ಅದನ್ನು ಮುಟ್ಟಿಸಬೇಡಿ, ಕರಗಿಹೋಗುತ್ತೆ.)

ಮೂರು ಸಾಲು ಹೋಯಿತು. ನಾಲ್ಕನೆಯದರ ಮಧ್ಯೆ, ನಾನು ಅಭ್ಯಾಸಬಲದಿಂದ ಉಸಿರು ಹಿಡಿದ ಜಾಗದಲ್ಲಿ, ಬಲಗಡೆಯಿಂದ ಟ್ರಂಪೆಟ್ ಬಂತು. ಸರಿಯಾಗಿ ಎರಡು ಬೀಟ್. ಎಡಗಡೆ ಕೇಳಿದ ಪ್ರಶ್ನೆಗೆ ಕುಣಿಯುತ್ತಾ ಕೊಟ್ಟ ಉತ್ತರದ ಹಾಗಿತ್ತು. ಅಷ್ಟು ಹೊತ್ತೂ ಅಲ್ಲೇ ಒಂದು ಅಕಾರ್ಡಿಯನ್ ಬೇರೆ ಇತ್ತು. ಆ ವಾದ್ಯ ಆ ರೆಕಾರ್ಡಿನಲ್ಲಿ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಟ್ರಂಪೆಟ್ ಸ್ವಲ್ಪ ಅತಿಯಾಯಿತು ಅನ್ನಿಸಿತು. ಆ ಖಾಲಿ ಜಾಗವೇ ಆ ಟ್ಯೂನಿನಲ್ಲಿ ನನಗೆ ಇಷ್ಟವಾದ ಭಾಗವಾಗಿತ್ತು.

ಅಮ್ಮನನ್ನು ಕರೆದೆ. ಕೈ ಒರೆಸಿಕೊಳ್ಳುತ್ತಾ ಬಂದು ನಿಂತಳು. ಒಂದು ಸಲ ಪೂರ್ತಿ ಕೇಳಿದಳು.

"ಇದು ಆ ರೆಕಾರ್ಡಲ್ಲ ಕಣೋ."

"ಅದೇ ಅಮ್ಮ. ನಾನು ಗೀಚಿದ್ದು ನೋಡು."

"ಹಾಗಾದರೆ ನೀನು ಏನೋ ಮಾಡಿದೀಯ ಇದಕ್ಕೆ. ಆ ಕಡೆ ಯಾರೋ ಮಧ್ಯೆ ಬಾಯಿ ಹಾಕ್ತಾರೆ."

ಹಸಿರು ವೈರ್, ಟೇಪು, ಪೆನ್ಸಿಲ್ ಅಕ್ಷರ ಎಲ್ಲ ಹೇಳಿದೆ. ಟಾರ್ಚ್ ಬಿಟ್ಟು ಅಪ್ಪನ ಬರಹ ತೋರಿಸಿದೆ. ಬಗ್ಗಿ ಓದಿ ನಕ್ಕಳು. "ನೋಡಿದರಲ್ಲ, ಕೊನೆಗೂ" ಅಂದಳು. ಆಮೇಲೆ ಮುಂದಿನ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ವಾಲ್ಯೂಮ್, ಟೋನ್, ಬ್ಯಾಲೆನ್ಸ್. ಬ್ಯಾಲೆನ್ಸ್ ಗುಂಡಿ ಇಷ್ಟು ವರ್ಷ ಏನೂ ಮಾಡದೆ ಸುಮ್ಮನೆ ಕೂತಿದ್ದದ್ದು. ಅದನ್ನು ಪೂರ್ತಿ ಎಡಕ್ಕೆ ತಿರುಗಿಸಿದಳು. ಟ್ರಂಪೆಟ್ ಹೋಯಿತು. ಅಕಾರ್ಡಿಯನ್ನೂ ಹೋಯಿತು. ನಾಲ್ಕನೇ ಸಾಲು ಬಂತು, ಎರಡು ಬೀಟ್ ನಿಂತಿತು, ಮುಂದಕ್ಕೆ ಹೋಯಿತು.

"ಈಗ ಸರಿಹೋಯ್ತು ನೋಡು" ಅಂತ ಹೇಳಿ, ನೆಲದ ಮೇಲಿದ್ದ ಹೂದಾನಿಯನ್ನು ಎತ್ತಿ ಬಲ ಸ್ಪೀಕರಿನ ಮೇಲಿಟ್ಟು ಒಳಗೆ ಹೋದಳು.